ಪರಿಚಯದವರಿಲ್ಲದ ಊರು

ಡಾಕ್ಟರ್ ಈಶ್ವರಪ್ಪನವರು ಅಮೆರಿಕ ಪ್ರವಾಸಕ್ಕೆ ದಾರಿ ಹಾಕಿದ್ದು ರಸ್ತೆಯ ನಕ್ಷೆ ನೋಡಿ ಅಲ್ಲ, ದಾವಣಗೆರೆಯಲ್ಲಿ ತಮ್ಮ ಜೊತೆ ಮೆಡಿಕಲ್ ಓದಿದವರ ವಿಳಾಸಪಟ್ಟಿ ನೋಡಿ. ಅವರ ಹೆಂಡತಿ ಕೌಸಲ್ಯಾಗೆ ಇದು ಹೊಸದೇನಲ್ಲ. ಇಂಗ್ಲೆಂಡಿಗೆ ಬಂದ ಇಪ್ಪತ್ತೊಂಬತ್ತು ವರ್ಷಗಳಲ್ಲಿ ಅವಳು ಎಡಿನ್‌ಬರಾ ನೋಡಿದ್ದು ಚಿದಾನಂದನ ಅಡುಗೆಮನೆಯ ಕಿಟಕಿಯಿಂದ, ಕಾರ್ಡಿಫ್ ನೋಡಿದ್ದು ಇನ್ನೊಬ್ಬ ಬ್ಯಾಚ್‌ಮೇಟಿನ ಮಗಳ ನಾಮಕರಣದ ನಡುವೆ. ಯಾವ ಊರಿನಲ್ಲಿ ಬ್ಯಾಚಿನವರು ಇಲ್ಲವೋ ಆ ಊರು ಈಶ್ವರಪ್ಪನವರ ಪಾಲಿಗೆ ಭೂಮಿಯ ಮೇಲೇ ಇರಲಿಲ್ಲ. ತಾವಿರುವ ಡರ್ಬಿಯಿಂದ ಬೆಳಗ್ಗೆ ಹೊರಟರೆ ಸಂಜೆಯ ಕಾಫಿಗೆ ಮುಟ್ಟಬಹುದಾದ ಪ್ಯಾರಿಸ್ಸನ್ನು ಗಂಡಹೆಂಡತಿ ಇನ್ನೂ ನೋಡಿರಲಿಲ್ಲ. ಆ ಬ್ಯಾಚಿನ ಒಬ್ಬನಿಗೂ ಫ್ರಾನ್ಸಿಗೆ ಹೋಗುವ ಬುದ್ಧಿ ಬಂದಿರಲಿಲ್ಲ, ಅಷ್ಟೇ ಕಾರಣ.

ಈ ಸಲದ ನೆಪ ದೊಡ್ಡದು. ಕಾಲೇಜು ಬಿಟ್ಟು ಮೂವತ್ತೈದು ವರ್ಷವಾಯಿತೆಂದು 2014ರ ಅಕ್ಟೋಬರ್ ಮೊದಲ ವಾರ ಶಿಕಾಗೋದಲ್ಲಿ ಎಲ್ಲರೂ ಸೇರುವುದೆಂದು ನಿಶ್ಚಯವಾಗಿತ್ತು. ಅಷ್ಟು ದೂರ ಹೋದಮೇಲೆ ಅಲ್ಲಿಂದ ಕಾರಿನಲ್ಲಿ ದಕ್ಷಿಣಕ್ಕೆ ಇಳಿದು, ಇಂಡಿಯಾನಾ, ಒಹಾಯೋ, ಕೆಂಟಕಿ ದಾಟಿ, ಟೆನೆಸಿಯ ಅಪಲಾಚಿಯನ್ ಬೆಟ್ಟಗಳವರೆಗೆ ಹೋಗಿಬರಬೇಕೆಂದು ಆಸೆಪಟ್ಟವಳು ಕೌಸಲ್ಯಾ. ಹೇಗೆ ಹೋಗಬೇಕೆಂದು ನಿರ್ಧರಿಸಿದವರು ಮಾತ್ರ ಈಶ್ವರಪ್ಪನವರು. ಅವರು ಅರಿವಳಿಕೆಯ ಡಾಕ್ಟರು. ರೋಗಿಯನ್ನು ಮಲಗಿಸುವ ಮೊದಲು ಪ್ಲಾನ್ ಎ, ಅದು ಕೈಕೊಟ್ಟರೆ ಬಿ, ಅದೂ ಹೋದರೆ ಸಿ ಎಂದು ಮೂರು ದಾರಿ ಯೋಚಿಸಿಟ್ಟುಕೊಂಡೇ ಸಿರಿಂಜ್ ಮುಟ್ಟುವವರು. ಮಾರ್ಚ್ ತಿಂಗಳಲ್ಲೇ ಆಸ್ಪತ್ರೆಯ ಡ್ಯೂಟಿ ಪಟ್ಟಿಯಲ್ಲಿ ಎರಡು ವೀಕೆಂಡ್ ಆನ್‌ಕಾಲ್‌ಗಳನ್ನು ಬೇರೆಯವರಿಗೆ ದಾಟಿಸಿ, ರಜೆ ಬರೆಸಿ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಎಕ್ಸೆಲ್ ಹಾಳೆಯಲ್ಲಿ ಪ್ರವಾಸವನ್ನು ಕೂರಿಸಿಬಿಟ್ಟರು.

ಶಿಕಾಗೋ ಆದಮೇಲೆ ಇಂಡಿಯಾನಾಪೊಲಿಸ್‌ನಲ್ಲಿ ಬಸಪ್ಪನ ಮನೆ, ಎರಡು ರಾತ್ರಿ. ಸಿನ್ಸಿನಾಟಿಯಲ್ಲಿ ಸಿದ್ದರಾಮಪ್ಪನ ಮನೆ, ಒಂದು ರಾತ್ರಿ. ಲೆಕ್ಸಿಂಗ್ಟನ್‌ನಲ್ಲಿ ಬ್ಯಾಚಿನವರು ಯಾರೂ ಇಲ್ಲದ್ದು ಈಶ್ವರಪ್ಪನವರನ್ನು ಎರಡು ದಿನ ಕಾಡಿತು. ಕೊನೆಗೆ ಎಡಿನ್‌ಬರಾದ ಚಿದಾನಂದನಿಗೆ ಫೋನ್ ಮಾಡಿ, ಅವನ ಷಡ್ಡಕ ಅಲ್ಲಿರುವುದನ್ನು ಪತ್ತೆಹಚ್ಚಿ ಸಮಾಧಾನಪಟ್ಟರು. ಬೆಟ್ಟದ ಬುಡದ ನಾಕ್ಸ್‌ವಿಲ್‌ನಲ್ಲಿ ಸಿದ್ದರಾಮಪ್ಪನ ತಂಗಿಯ ಮಗಳು. ಬೆಟ್ಟಗಳಿಗೆ ಉಳಿದದ್ದು ಒಂದು ಹಗಲು. ಬೆಳಗ್ಗೆ ಹೋಗುವುದು, ನೋಡುವುದು, ರಾತ್ರಿಯೂಟದ ಹೊತ್ತಿಗೆ ನಾಕ್ಸ್‌ವಿಲ್‌ಗೆ ವಾಪಸ್. ಗುಡ್ಡ ಅಗೆದು ಇಲಿ ಹಿಡಿಯುವುದು ಎಂದರೆ ಇದೇ ಎಂದುಕೊಂಡಳು ಕೌಸಲ್ಯಾ, ಆದರೆ ಬಾಯಿ ಬಿಡಲಿಲ್ಲ.

ಅವಳಿಗೆ ಬೇಕಾಗಿದ್ದದ್ದು ಎರಡೇ ರಾತ್ರಿ. ಯಾರ ಮನೆಗೂ ನೆಂಟಳಾಗಿ ಹೋಗದೆ, ಯಾರೂ ತನ್ನ ಮನೆಗೆ ನೆಂಟರಾಗಿ ಬರದೆ, ತನ್ನ ಹೆಸರೇ ಗೊತ್ತಿಲ್ಲದ ಊರಿನಲ್ಲಿ ಗಂಡನ ಜೊತೆ ಎರಡು ರಾತ್ರಿ ಇರಬೇಕು. ಐವತ್ತೈದನೇ ವಯಸ್ಸಿನಲ್ಲಿ ಅದೇನು ದೊಡ್ಡ ಆಸೆಯೇ?

ನೆಂಟಳಾಗಿರುವುದೆಂದರೆ ಏನೆಂದು ಗಂಡಸರಿಗೆ ಗೊತ್ತಿಲ್ಲ. ಅವರು ಸೋಫಾದ ಮೇಲೆ ಕೂತು ಹಾಸ್ಟೆಲಿನ ಕಥೆ ಶುರುಮಾಡುತ್ತಾರೆ, ಕಥೆ ಮುಗಿಯುವ ಹೊತ್ತಿಗೆ ತಟ್ಟೆ ಮುಂದೆ ಬಂದಿರುತ್ತದೆ. ಹೆಂಗಸು ಹಾಗಲ್ಲ. ಮನೆಯೊಡತಿಗಿಂತ ಮೊದಲು ಏಳಬಾರದು, ತೀರ ತಡವಾಗಿಯೂ ಏಳಬಾರದು. ಸ್ನಾನಕ್ಕೆ ಬಿಸಿನೀರು ಎಷ್ಟಿದೆಯೋ ಕೇಳಿಕೊಳ್ಳಬೇಕು. ಹಾಸಿಗೆ ಮಡಿಸಬೇಕು, ಹೋಳು ಹೆಚ್ಚಿಕೊಡುತ್ತೇನೆ ಎನ್ನಬೇಕು, ಬೇಡ ಎಂದಮೇಲೂ ಹೆಚ್ಚಬೇಕು, ಬಿಸಿಬೇಳೆಬಾತು ಉಪ್ಪಾಗಿದ್ದರೂ ಇನ್ನೊಂದು ಸೌಟು ಹಾಕಿಸಿಕೊಳ್ಳಬೇಕು. ಹೊರಡುವಾಗ ಅರಿಶಿನ ಕುಂಕುಮ, ರವಿಕೆ ಕಣ. ಆ ಕಣವನ್ನು ಮುಂದಿನ ಮನೆಯವಳಿಗೆ ದಾಟಿಸುವಾಗ ಅದು ಮೂರು ವರ್ಷದ ಹಿಂದೆ ಅವಳೇ ಕೊಟ್ಟದ್ದಲ್ಲ ತಾನೇ ಎಂದು ನೆನಪಿಟ್ಟುಕೊಂಡಿರಬೇಕು. ಕೌಸಲ್ಯಾ ಇಪ್ಪತ್ತು ವರ್ಷದಿಂದ ಡರ್ಬಿಯ ಒಂದು ಜಿಪಿ ಡಾಕ್ಟರ ಕ್ಲಿನಿಕ್ಕಿನ ರಿಸೆಪ್ಷನ್‌ನಲ್ಲಿ ಕೂತವಳು. ದಿನವಿಡೀ ಊರಿನ ಕೆಮ್ಮಿಗೂ ಕೋಪಕ್ಕೂ ನಗುಮುಖ ತೋರಿಸಿ ಸಂಬಳ ತರುವವಳು ರಜೆಯಲ್ಲೂ ಅದೇ ಮುಖ ಹೊತ್ತು ಮನೆಮನೆ ತಿರುಗುವುದಾದರೆ ಅದನ್ನು ರಜೆ ಎಂದು ಕರೆದವರು ಯಾರು?

ಹಾಗಂತ ಅವಳೇನೂ ಮೂಲೆಯಲ್ಲಿ ಕೂತು ಮುಖ ಊದಿಸಿಕೊಳ್ಳುವವಳಲ್ಲ. ಬ್ಯಾಚಿನವರ ಮನೆಗಳಲ್ಲಿ ಅವಳು ಬಂದಳೆಂದರೆ ಕಳೆ ಬರುತ್ತಿತ್ತು. ಅದರಲ್ಲೂ ಅವಳ ಸ್ಕಾರ್ಬರೋ ಕಥೆ ಎಲ್ಲರಿಗೂ ಬಾಯಿಪಾಠ. ಊಟವಾದಮೇಲೆ ಯಾರಾದರೂ, “ಕೌಸಲ್ಯಾ, ಆ ಕಥೆ ಹೇಳಿ” ಎನ್ನಬೇಕು, ಅವಳು ಶುರುಮಾಡಬೇಕು. ಮದುವೆಯಾಗಿ ಇಂಗ್ಲೆಂಡಿಗೆ ಬಂದು ಮೂರು ವಾರ. ಲೀಡ್ಸ್‌ನಲ್ಲಿ ಆಗ, ಅಮೆರಿಕಕ್ಕೆ ಹೋಗುವ ಮೊದಲು, ಕೆಲಸದಲ್ಲಿದ್ದ ಬಸಪ್ಪನ ಕಾರು ಎರವಲು ತಂದು, ಹೊಸ ಹೆಂಡತಿಗೆ ಸಮುದ್ರ ತೋರಿಸುತ್ತೇನೆಂದು ಗಂಡ ಸ್ಕಾರ್ಬರೋಗೆ ಕರೆದುಕೊಂಡು ಹೋದದ್ದು. ಒಂದು ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಮನೆಯ ಮುಂದೆ ಕಾರು ನಿಲ್ಲಿಸಿ, ಇವಳನ್ನು ಒಳಗೇ ಕೂರಿಸಿ, ರೂಮು ನೋಡಿಬರುತ್ತೇನೆಂದು ಹೋದವರು ಎರಡೇ ನಿಮಿಷಕ್ಕೆ ಬಂದು, “ಮುಗ್ಗಲು ವಾಸನೆ” ಎಂದರಂತೆ. ಎರಡನೇ ಮನೆ, “ಹಾಸಿಗೆ ಸರಿಯಿಲ್ಲ.” ಮೂರನೇ ಮನೆಯಲ್ಲಿ, “ನೆಲ ಕೊಳಕು.” ಸಂಜೆಯೊಳಗೆ ಲೀಡ್ಸ್‌ಗೆ ವಾಪಸ್ ಬಂದು ಬಸಪ್ಪನ ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿ, ಬಸಪ್ಪನದೇ ಮಂಚದ ಮೇಲೆ, ಹನಿಮೂನ್. ಬಸಪ್ಪ ಅಡುಗೆಮನೆಯ ನೆಲದಲ್ಲಿ. “ಮಹಾರಾಜರ ಮೂಗಿಗೆ ಇಡೀ ಸ್ಕಾರ್ಬರೋದಲ್ಲಿ ಒಂದು ರೂಮು ಸಿಗಲಿಲ್ಲ ನೋಡಿ” ಎಂದು ಮೂಗು ಸುಕ್ಕುಗಟ್ಟಿಸಿ ಗಂಡನನ್ನು ಅಣಕಿಸಿ ತೋರಿಸುವಾಗ ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಈಶ್ವರಪ್ಪನವರೂ ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಬಸಪ್ಪ.

ಬೆಟ್ಟದ ಆಸೆ ಹುಟ್ಟಿಸಿದವನು ಬಿಪಿ ತೋರಿಸಲು ಬರುತ್ತಿದ್ದ ಆಲ್ಬರ್ಟ್ ಎಂಬ ಮುದುಕ. ಯೌವನವೆಲ್ಲ ಕಲ್ಲಿದ್ದಲ ಗಣಿಯಲ್ಲಿ ಕಳೆದವನು. ಅವನ ಮೊಮ್ಮಗಳು ಟೆನೆಸಿಯಲ್ಲಿ ಮದುವೆಯಾಗಿದ್ದಳು. ಒಂದು ದಿನ ರಿಸೆಪ್ಷನ್ನಿನ ಕಿಟಕಿಯ ಈಚೆಗೆ ಫೋನ್ ಹಿಡಿದು ಫೋಟೋ ತೋರಿಸಿದ. ಮರದ ಪುಟ್ಟ ಮನೆ, ಮುಂದೆ ಜಗಲಿ, ಜಗಲಿಯಲ್ಲಿ ಎರಡು ಕುರ್ಚಿ, ಎದುರಿಗೆ ಒಂದರ ಹಿಂದೆ ಒಂದು ನೀಲಿ ಬೆಟ್ಟ. ಅಲ್ಲಿ ಏನೇನು ಮಾಡಬಹುದು ಎಂದು ಅವಳು ವಿಚಾರಿಸಿದರೆ, “ಏನೂ ಇಲ್ಲ, ಮಿ ಡಕ್, ಮಾಡೋಕೆ ಏನೇನೂ ಇಲ್ಲ” ಎಂದ. ಡರ್ಬಿಯವರು ಯಾರನ್ನು ಬೇಕಾದರೂ ಬಾತುಕೋಳಿ ಎಂದು ಪ್ರೀತಿಯಿಂದ ಕರೆಯುತ್ತಾರೆ, ಅದಕ್ಕೆ ಹೊಂದಿಕೊಳ್ಳಲು ಅವಳಿಗೆ ವರ್ಷಗಳೇ ಹಿಡಿದಿದ್ದವು. ಆದರೆ ಮಾಡೋಕೆ ಏನೂ ಇಲ್ಲ ಎಂಬ ಮಾತಿಗೆ ಮಾತ್ರ ಒಂದು ಕ್ಷಣದಲ್ಲಿ ಸೋತುಬಿಟ್ಟಳು.

ಏಪ್ರಿಲ್ ಕೊನೆಯ ಭಾನುವಾರ ಅವಳು ರೈಲು ಹತ್ತಿ ಸಾಲ್ಫರ್ಡ್‌ಗೆ ಹೋದಳು. ಮಗಳು ಪ್ರೇರಣಾ ಅಲ್ಲಿ ಟ್ರ್ಯಾಮ್ ಸ್ಟಾಪಿನ ಪಕ್ಕದ ಫ್ಲ್ಯಾಟಿನಲ್ಲಿದ್ದಳು, ಐಟಿ ಕೆಲಸ. ಅಮ್ಮನ ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ. ತಾಯಿ ಮಗಳು ಸೇರಿ ಟೆನೆಸಿಯ ಬೆಟ್ಟದ ಮೇಲೆ ಬಾಡಿಗೆಗೆ ಸಿಗುವ ಅಂಥ ಮರದ ಮನೆ, ಅಂದರೆ ಕ್ಯಾಬಿನ್‌ಗಳನ್ನೆಲ್ಲ ಜಾಲಾಡಿ, ಒಂದೇ ಬೆಡ್‌ರೂಮಿನದನ್ನು ಹುಡುಕಿ, ಅಕ್ಟೋಬರ್ ಹದಿಮೂರು ಹದಿನಾಲ್ಕಕ್ಕೆ ಕೌಸಲ್ಯಾಳ ಹೆಸರಿನಲ್ಲೇ ಬುಕ್ ಮಾಡಿದರು. ಒಂದೇ ಬೆಡ್‌ರೂಮು ಎಂಬುದು ಕೌಸಲ್ಯಾಳ ಮುಂದಾಲೋಚನೆ. ಎರಡಿದ್ದರೆ ಗಂಡ ಯಾರನ್ನಾದರೂ ಕರೆಯದೆ ಬಿಡುವವರಲ್ಲ. ಅಪ್ಪನಿಗೆ ಈಗಲೇ ಹೇಳಲೋ ಬೇಡವೋ ಎಂದು ಅವಳು ಅನುಮಾನಿಸಿದ್ದಕ್ಕೆ ಪ್ರೇರಣಾ, “ಜಸ್ಟ್ ಟೆಲ್ ಹಿಮ್, ಅಮ್ಮಾ” ಎಂದಳು. ಈ ಮಕ್ಕಳಿಗೆ ಎಲ್ಲವೂ ಜಸ್ಟ್.

ಹೇಳಿದಳು. ಈಶ್ವರಪ್ಪನವರು ಫೋಟೋವನ್ನು ಬಹಳ ಹೊತ್ತು ನೋಡಿದರು.

“ಅಲ್ಲಿ ಯಾರಿದಾರೆ?”

“ಯಾರೂ ಇಲ್ಲ.”

“ಯಾರೂ ಇಲ್ದೆ ಅಲ್ಲಿಗ್ಯಾಕೆ?”

“ಯಾರೂ ಇಲ್ಲ ಅಂತಲೇ.”

ಅವರು ಬೇಡ ಎನ್ನಲಿಲ್ಲ. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ನಾಕ್ಸ್‌ವಿಲ್‌ನಿಂದ ಅಲ್ಲಿಗೆ ಎಷ್ಟು ಮೈಲಿ ಎಂದು ಕೇಳಿದರು, ಆಗಲಿ ಎಂದರು. ಕೌಸಲ್ಯಾಗೆ ಇಷ್ಟು ಸುಲಭವಾಗಿ ಗೆದ್ದದ್ದೇ ಒಂದು ಅನುಮಾನವಾಯಿತು. ಆದರೂ ಆ ವಾರವೆಲ್ಲ ಅವಳು ರಿಸೆಪ್ಷನ್‌ನಲ್ಲಿ ಕೂತೇ ಎರಡು ಕುರ್ಚಿಗಳಲ್ಲಿ ತನ್ನದು ಯಾವುದು ಎಂದು ಯೋಚಿಸಿದಳು. ಎಡಗಡೆಯದು ಎಂದು ತೀರ್ಮಾನಿಸಿದಳು.

ಶನಿವಾರ ಬೆಳಗ್ಗೆ ದೋಸೆ ಹುಯ್ಯುತ್ತಿದ್ದಾಗ ಈಶ್ವರಪ್ಪನವರ ಫೋನು ಮೇಜಿನ ಮೇಲೆ ಬಿಡುವಿಲ್ಲದೆ ಗುಂಯ್‌ಗುಟ್ಟತೊಡಗಿತು. ಯಾರಿಗೇನಾಯಿತೋ ಎಂದು ಅವಳು ಕೈ ಒರೆಸಿಕೊಂಡು ನೋಡಿದಳು. ಯಾರಿಗೂ ಏನೂ ಆಗಿರಲಿಲ್ಲ. ಈಶ್ವರಪ್ಪನವರು ಪ್ರವಾಸದ ಹಾಳೆಯನ್ನು, ಅದರ ಜೊತೆಗೆ ಅವಳ ಕ್ಯಾಬಿನ್ನಿನ ಫೋಟೋವನ್ನು ಬ್ಯಾಚಿನ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ‘ಕೌಸಲ್ಯಾಳ ಆಯ್ಕೆ. ಬರುವವರಿಗೆ ಸ್ವಾಗತ’ ಎಂದು ಕೆಳಗೆ ಬರೆದಿದ್ದರು.

ಕರೆದರೆ ಸಾಕು ಎಂದು ಕಾಯುತ್ತಿದ್ದವರಂತೆ ಇದ್ದರು ಜನ. ಬಸಪ್ಪ ಹೆಂಡತಿಯೊಡನೆ ಬರುತ್ತೇನೆಂದಿದ್ದ. ಸಿನ್ಸಿನಾಟಿಯ ಸಿದ್ದರಾಮಪ್ಪ, ಅವನ ಹೆಂಡತಿ, ಅತ್ತೆ. ಎಡಿನ್‌ಬರಾದ ಚಿದಾನಂದ ಹೇಗೂ ಶಿಕಾಗೋಗೆ ಬರುವವನು, ತಾನೂ ಸೈ ಎಂದಿದ್ದ. ಒಂದೇ ಬೆಡ್‌ರೂಮು ಸಾಲದಲ್ಲ ಎಂದು ಯಾರೋ ಆಕ್ಷೇಪಿಸಿದ್ದರೆ, ಸಿದ್ದರಾಮಪ್ಪ ಆ ಮನೆಯವರ ವೆಬ್‌ಸೈಟ್ ಹುಡುಕಿ, ಪಕ್ಕದಲ್ಲೇ ಐದು ಬೆಡ್‌ರೂಮಿನದು ಖಾಲಿ ಇದೆ, ಚಿಕ್ಕದನ್ನು ಬಿಟ್ಟು ಅದನ್ನೇ ಹಿಡಿಯೋಣ ಎಂದಿದ್ದ. ಅವನ ಹೆಂಡತಿ ಎರಡು ರೈಸ್ ಕುಕ್ಕರ್ ತರುವವಳಿದ್ದಳು. ಮೊದಲ ರಾತ್ರಿಗೆ ಮುದ್ದೆ, ಬಸ್ಸಾರು. ಕೊನೆಯಲ್ಲಿ ಬಸಪ್ಪನ ಒಂದು ಸಾಲು: ವೈನಿ ಜಗಲಿ ಮ್ಯಾಲೆ ಕೂತು ಸ್ಕಾರ್ಬರೋ ಕಥಿ ಹೇಳಬೇಕು.

ಕೌಸಲ್ಯಾ ಒಲೆ ಆರಿಸಿದಳು. ಕಾವಲಿಯ ಮೇಲಿನ ದೋಸೆ ಅಲ್ಲೇ ಉಳಿಯಿತು. ಅವಳಿಗೆ ಅಳು ಬಂದಿತ್ತು, ಅಳುವಂಥದ್ದೇನಾಯಿತು ಎಂದು ತನ್ನ ಮೇಲೇ ಸಿಟ್ಟೂ ಬಂದಿತ್ತು.

ಈಶ್ವರಪ್ಪನವರು ಸ್ನಾನ ಮುಗಿಸಿ ಬಂದಾಗ ಅವಳು ಕೂಗಾಡಲಿಲ್ಲ. ಫೋನನ್ನು ಅವರ ಕಡೆ ತಳ್ಳಿದಳು.

“ನೀವೇ ಹೋಗಿಬನ್ನಿ. ನಾನು ಬರಲ್ಲ.”

“ಎಲ್ಲಿಗೆ, ಕ್ಯಾಬಿನ್‌ಗಾ?”

“ಅಮೆರಿಕಕ್ಕೆ.”

ಅವರು ತಮಾಷೆ ಎಂದುಕೊಂಡು ನಕ್ಕರು. ಆಮೇಲೆ ಹೆಂಡತಿಯ ಮುಖ ನೋಡಿದರು. ಇಪ್ಪತ್ತೊಂಬತ್ತು ವರ್ಷದಲ್ಲಿ ಕೌಸಲ್ಯಾ ಎಲ್ಲಿಗೂ ಬರುವುದಿಲ್ಲ ಎಂದವಳಲ್ಲ. ಜ್ವರವಿದ್ದಾಗಲೂ ಬಂದಿದ್ದಳು, ಪ್ರೇರಣಾ ಹೊಟ್ಟೆಯಲ್ಲಿದ್ದಾಗಲೂ ಬಂದಿದ್ದಳು. ಸ್ನೇಹಿತರು ಆಸೆಪಟ್ಟರು, ಬೇಡ ಎನ್ನುವುದು ಹೇಗೆ ಎಂದು ಈಶ್ವರಪ್ಪನವರು ಏನೋ ಹೇಳಹೊರಟರು. ಅವರು ಆಸೆಪಟ್ಟದ್ದು ನೀವು ಕರೆದದ್ದಕ್ಕೆ, ಮೊದಲು ಆಸೆಪಟ್ಟವಳು ನಾನು ಎಂದು ಅವಳು ಮೆಲ್ಲಗೆ ಹೇಳಿ ಮಹಡಿ ಹತ್ತಿದಳು.

ಆ ದಿನ ಈಶ್ವರಪ್ಪನವರು ಕಾರು ತೊಳೆದರು. ತೊಳೆದ ಕಾರನ್ನೇ ಇನ್ನೊಂದು ಸಲ ಒರೆಸಿದರು. ಹಿತ್ತಲಿನ ಹುಲ್ಲು ಕತ್ತರಿಸಿದರು. ಪಕ್ಕದ ಮನೆಯವನು ಬೇಲಿಯ ಮೇಲಿಂದ ಹವಾಮಾನದ ಬಗ್ಗೆ ಏನೋ ಅಂದದ್ದಕ್ಕೆ ಉತ್ತರ ಕೊಡದೆ ಒಳಗೆ ಬಂದರು. ಪ್ಲಾನ್ ಎ ಬಿ ಸಿ ಮೂರೂ ಮುಗಿದ ಮನುಷ್ಯನ ಹಾಗಿದ್ದರು.

ಮಾರನೆಯ ಬೆಳಗ್ಗೆ ಕೌಸಲ್ಯಾ ಅಡುಗೆಮನೆಯ ಮೇಜಿನ ಮುಂದೆ ಕೂತು ನೆನೆಸಿದ ಅವರೇಕಾಳನ್ನು ಚಿಳಕಿ ಸಿಪ್ಪೆ ಬಿಡಿಸುತ್ತಿದ್ದಾಗ ಅವರು ಬಂದು ಎದುರಿಗೆ ಕೂತರು. ತಾವೂ ಒಂದು ಹಿಡಿ ಕಾಳು ಎತ್ತಿಕೊಂಡರು. ಚಿಳಕಲು ಅವರಿಗೆ ಬರುವುದಿಲ್ಲ, ಒಂದೊಂದು ಕಾಳನ್ನೂ ಆಪರೇಷನ್ ಮಾಡುತ್ತಾರೆ.

“ಸ್ಕಾರ್ಬರೋದಲ್ಲಿ ವಾಸನೆ ಇರಲಿಲ್ಲ” ಎಂದರು.

ಅವಳಿಗೆ ಅರ್ಥವಾಗಲಿಲ್ಲ.

“ನಾನು ಒಂದು ರೂಮನ್ನೂ ನೋಡಲಿಲ್ಲ, ಕೌಸಲ್ಯಾ. ಒಳಗೇ ಬಿಡಲಿಲ್ಲ.”

ಮೊದಲನೇ ಮನೆಯ ಕಿಟಕಿಯಲ್ಲಿ ರೂಮು ಖಾಲಿ ಇದೆ ಎಂಬ ಹಲಗೆ ತೂಗುತ್ತಿತ್ತಂತೆ. ಬೆಲ್ ಒತ್ತಿದರು. ಬಾಗಿಲು ತೆಗೆದ ಹೆಂಗಸು ಇವರನ್ನು ನೋಡಿದಳು, ಇವರ ಹೆಗಲ ಮೇಲಿಂದ ಕಾರಿನಲ್ಲಿ ಕೂತಿದ್ದ ಕೌಸಲ್ಯಾಳನ್ನು ನೋಡಿದಳು, ಈಗ ತಾನೇ ಭರ್ತಿಯಾಯಿತು ಎಂದಳು. ಇವರು ಗೇಟು ದಾಟುವಷ್ಟರಲ್ಲಿ ಹಲಗೆ ತಿರುಗಿತ್ತು. ಕಾರು ಹೊರಡಿಸುವಾಗ ಕನ್ನಡಿಯಲ್ಲಿ ನೋಡಿದರೆ ಅದು ಮತ್ತೆ ಮೊದಲಿನ ಹಾಗೇ ತಿರುಗಿತ್ತು. ಎರಡನೇ ಮನೆಯಲ್ಲಿ ಪರದೆ ಸರಿಯಿತು, ಬಾಗಿಲು ತೆಗೆಯಲಿಲ್ಲ. ಮೂರನೆಯವನು ಬಹಳ ಮರ್ಯಾದೆಯ ಮನುಷ್ಯ. ಸರ್ ಎಂದು ಕರೆದೇ, ತನ್ನ ಅಭ್ಯಂತರವೇನೂ ಇಲ್ಲ, ಉಳಿದ ಅತಿಥಿಗಳಿಗೆ ಇಷ್ಟವಾಗುವುದಿಲ್ಲ ಎಂದ.

“ನೀನು ಬಂದು ಮೂರು ವಾರ ಆಗಿತ್ತು” ಎಂದರು ಈಶ್ವರಪ್ಪನವರು. “ರೇಷ್ಮೆ ಸೀರೆ ಉಟ್ಕೊಂಡು, ಮೇಲೆ ನನ್ನ ಕೋಟು ಹಾಕ್ಕೊಂಡು ಕೂತಿದ್ದೆ. ಗಂಡ ದೊಡ್ಡ ಡಾಕ್ಟರು ಅಂತ ನಂಬಿ ಬಂದವಳು. ನಿನಗೆ ಏನಂತ ಹೇಳ್ಲಿ? ರೂಮು ಸರಿಯಿಲ್ಲ ಅಂದೆ.”

ಕೌಸಲ್ಯಾಳ ಕೈ ಕಾಳಿನಲ್ಲೇ ನಿಂತಿತು. ಅವಳ ಕಿವಿಯಲ್ಲಿ ಇಪ್ಪತ್ತೊಂಬತ್ತು ವರ್ಷದ ನಗು. ಎಡಿನ್‌ಬರಾದಲ್ಲಿ ನಕ್ಕಿದ್ದರು, ಕಾರ್ಡಿಫ್‌ನಲ್ಲಿ ನಕ್ಕಿದ್ದರು. ಪ್ರೇರಣಾಳ ಹುಟ್ಟುಹಬ್ಬಕ್ಕೆ ನಲವತ್ತು ಜನ ಸೇರಿದಾಗ ಕುರ್ಚಿಯಿಂದ ಎದ್ದು ನಿಂತು ಅಭಿನಯಿಸಿ ತೋರಿಸಿದ್ದಳು, ಮೂಗು ಸುಕ್ಕುಗಟ್ಟಿಸಿ, ಕೈ ಬೀಸಿ. ಪಕ್ಕದಲ್ಲೇ ಕೂತು ನಗುತ್ತಿದ್ದ ಗಂಡನ ಮುಖ ಈಗ ಕಣ್ಣಿಗೆ ಕಟ್ಟಿತು. ನಾಚಿಕೆಯಿಂದ ಅವಳ ಕೆನ್ನೆ ಬಿಸಿಯಾಯಿತು. ನಾಚಿಕೆಯ ಹಿಂದೆಯೇ ಕೋಪ, ಆ ಮೂರು ಮನೆಯವರ ಮೇಲೆ ಅಲ್ಲ, ಎದುರಿಗೆ ಕೂತವರ ಮೇಲೆ.

“ಒಂದು ಮಾತು ಹೇಳಬಾರದಿತ್ತಾ? ಇಷ್ಟು ವರ್ಷ ನನ್ನ ಬಾಯಲ್ಲಿ ಅದನ್ನ ಹೇಳಿಸಿದ್ರಲ್ಲ.”

“ನೀನು ಹೇಳಿದ್ದೇ ಚೆನ್ನಾಗಿತ್ತು” ಎಂದರು ಅವರು. “ನಿನ್ನ ಕಥೆ ಕೇಳ್ತಾ ಕೇಳ್ತಾ ನನಗೂ ಅದೇ ನಿಜ ಅನ್ನಿಸ್ತಿತ್ತು.”

ಅಲ್ಲಿಂದ ಮುಂದೆ ಅವರು ಗೊತ್ತಿರುವವರ ಬಾಗಿಲನ್ನು ಬಿಟ್ಟು ಬೇರೆ ಬಾಗಿಲು ತಟ್ಟಲಿಲ್ಲ. ಕಾನ್ಫರೆನ್ಸಿಗೆ ಹೋದರೂ ಬ್ಯಾಚಿನವನ ಮನೆ. ಬ್ಯಾಚಿನವನಿಲ್ಲದಿದ್ದರೆ ರಾತ್ರಿಯೇ ಡ್ರೈವ್ ಮಾಡಿಕೊಂಡು ವಾಪಸ್. ಕಾಲ ಬದಲಾಗಿದೆ, ಈಗ ಹೋಟೆಲಿನವರು ಎದ್ದು ನಿಂತು ಸ್ವಾಗತಿಸುತ್ತಾರೆ ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿರುವುದೇ ಬೇರೆ, ಬೆಲ್ ಒತ್ತುವ ಬೆರಳಿಗೆ ನೆನಪಿರುವುದೇ ಬೇರೆ. ಹೆಂಡತಿ ಆ ಫೋಟೋ ತೋರಿಸಿದಾಗ ಅವರು ಬೆಟ್ಟ ನೋಡಲಿಲ್ಲ, ಬಾಗಿಲು ನೋಡಿದರು. ಹತ್ತು ಜನ ಜೊತೆಗಿದ್ದರೆ ಹೆದರಿಕೆಯಿಲ್ಲ ಎಂದು ಗುಂಪಿಗೆ ಹಾಕಿದರು. ಮತ್ತೇನಿಲ್ಲ.

ಕೌಸಲ್ಯಾ ಎದ್ದು ಕೈ ತೊಳೆದುಕೊಂಡಳು. ಬುಕಿಂಗ್ ರದ್ದು ಮಾಡಿಬಿಡುವುದು ಒಂದು ದಾರಿ. ಐದು ಬೆಡ್‌ರೂಮು ಹಿಡಿಯಲಿ, ಮುದ್ದೆ ಬಸ್ಸಾರು ಮಾಡಲಿ, ಈ ಮನುಷ್ಯ ನಿಶ್ಚಿಂತೆಯಿಂದ ಮಲಗಲಿ. ಹಾಗೆ ಬಿಟ್ಟುಕೊಡುವುದು ಅವಳಿಗೆ ಕಷ್ಟವಲ್ಲ, ಅಭ್ಯಾಸವಿತ್ತು. ಆದರೆ ಬಿಟ್ಟುಕೊಟ್ಟರೆ ಆ ಮೂರು ಮನೆಯವರು ಇನ್ನೂ ತನ್ನ ಮನೆಯಲ್ಲೇ ಕೂತಿರುತ್ತಾರೆ ಎನ್ನಿಸಿತು. ಅವಳು ಟವೆಲಿಗೆ ಕೈ ಒರೆಸಿಕೊಳ್ಳುತ್ತ, ಬೇಕಿದ್ದರೆ ಕ್ಯಾನ್ಸಲ್ ಮಾಡುತ್ತೇನೆ ಎಂದಳು. ಅವರು ತಲೆಯಾಡಿಸಿ, ಬೇಡ, ಮಾಡಬೇಡ ಎಂದರು. ಅಷ್ಟು ಹೇಳಿ ಫೋನು ತೆಗೆದು ಬಸಪ್ಪನ ನಂಬರು ಒತ್ತಿದರು.

ಇಂಡಿಯಾನಾಪೊಲಿಸ್‌ನಲ್ಲಿ ಆಗಷ್ಟೇ ಬೆಳಗಾಗಿತ್ತು. ಬಸಪ್ಪ ಚಹದ ಕಪ್ಪು ಹಿಡಿದೇ ಮಾತಾಡಿದ. ಈಶ್ವರಪ್ಪನವರು ಹವಾಮಾನ ಕೇಳಿದರು, ಅವನ ಹೆಂಡತಿಯ ಮೊಣಕಾಲು ನೋವು ಹೇಗಿದೆ ಎಂದು ಕೇಳಿದರು. ಇಂಗ್ಲೆಂಡಿಗೆ ಬಂದ ಹೊಸತರಲ್ಲಿ ತಿಂಗಳುಗಟ್ಟಲೆ ತಮಗೆ ಅನ್ನ ಹಾಕಿದವನಿಗೆ, ತನ್ನ ಹಾಸಿಗೆ ಬಿಟ್ಟುಕೊಟ್ಟು ನೆಲದ ಮೇಲೆ ಮಲಗಿದವನಿಗೆ ಬರಬೇಡ ಎನ್ನುವುದು ಸುಲಭದ ಮಾತಲ್ಲ. ಎರಡು ಸಲ ಶುರುಮಾಡಿ ನಿಲ್ಲಿಸಿದರು. ಮೂರನೇ ಸಲ, ಆ ಎರಡು ದಿನ ನಾವಿಬ್ಬರೇ ಇರಬೇಕು ಅಂತಿದೀವಿ ಎಂದು ಹೇಳಿಯೇಬಿಟ್ಟರು. ಸ್ಕಾರ್ಬರೋ ವಿಷಯ ಅವಳಿಗೆ ಹೇಳಿದೆ ಎಂದೂ ಸೇರಿಸಿದರು.

ಆ ಕಡೆ ಕಪ್ಪು ಕೆಳಗಿಟ್ಟ ಸದ್ದಾಯಿತು. ಆಮೇಲೆ ಬಸಪ್ಪ ಫೋನನ್ನು ಕೌಸಲ್ಯಾಗೆ ಕೊಡಲು ಹೇಳಿದ.

“ವೈನಿ, ಆ ಕಥಿ ನೀವು ಹೇಳಿದಾಗೆಲ್ಲಾ ನಾ ಎಲ್ಲಾರಕಿಂತಾ ಜೋರ್ ನಕ್ಕೇನ್ರಿ” ಎಂದ. “ನಾ ನಗದಿದ್ರ ನಿಮಗ ಸಂಶಯ ಬರ್ತಿತ್ತು. ಅವತ್ತು ಸಂಜೀಕ ಈಶ್ಯಾ ನನ್ನ ಅಡಗಿಮನ್ಯಾಗ ನಿಂತು ಅತ್ತಿದ್ದ. ನಿಮಗ ಹೇಳಬ್ಯಾಡ ಅಂತ ಆಣಿ ಮಾಡಿಸಿಕೊಂಡಿದ್ದ.”

ಕೌಸಲ್ಯಾ ಟವೆಲನ್ನು ಕುರ್ಚಿಯ ಮೇಲೆ ಹಾಕಿದಳು. ನಿಮ್ಮನ್ನು ಬರಬೇಡಿ ಎನ್ನುವ ಹಾಗಾಯಿತಲ್ಲ, ತಪ್ಪು ತಿಳಿಯಬೇಡಿ ಎಂದಳು. ಬಸಪ್ಪ, ತಿಳಿಯುವುದೇನು ಬಂತು, ಇಷ್ಟು ವರ್ಷದ ಮೇಲೆ ಇವತ್ತು ನನ್ನ ಮಂಚ ನನಗೆ ವಾಪಸ್ ಬಂತು ಎಂದು ನಕ್ಕ. ಗುಂಪಿನವರಿಗೆ ತಾನೇ ಹೇಳುತ್ತೇನೆ, ಸಿದ್ದರಾಮಪ್ಪನ ಕುಕ್ಕರುಗಳನ್ನು ತನ್ನ ಮನೆಯಲ್ಲೇ ಇಳಿಸಿಕೊಳ್ಳುತ್ತೇನೆ ಎಂದ. ಹೇಳಿದಂತೆ ಮಾಡಿದ ಕೂಡ. ಮಧ್ಯಾಹ್ನದ ಹೊತ್ತಿಗೆ ಐದು ಬೆಡ್‌ರೂಮಿನ ಮನೆಯ ಮಾತು ಗುಂಪಿನಲ್ಲಿ ಅಡಗಿತು. ಸಿದ್ದರಾಮಪ್ಪನಿಗೆ ಸ್ವಲ್ಪ ಮುನಿಸು ಬಂದಿರಬೇಕು, ಎರಡು ದಿನ ಗುಡ್ ಮಾರ್ನಿಂಗ್ ಹಾಕಲಿಲ್ಲ.

ಆ ದಿನ ಊಟವಾದಮೇಲೆ ಈಶ್ವರಪ್ಪನವರು ಲ್ಯಾಪ್‌ಟಾಪ್ ತೆರೆದು ಹಾಳೆಯಲ್ಲಿ ಎರಡು ದಿನಗಳನ್ನು ತಿದ್ದಿದರು. ನಾಕ್ಸ್‌ವಿಲ್‌ನ ಹುಡುಗಿಗೆ ಊಟಕ್ಕೆ ಮಾತ್ರ ಬರುತ್ತೇವೆಂದು ಬರೆದರು. ಕ್ಯಾಬಿನ್ನಿನವರ ಇಮೇಲನ್ನು ಮೊದಲಿಂದ ಕೊನೆಯವರೆಗೆ ಓದತೊಡಗಿದರು. ಕರಡಿಗಳು ಬರುತ್ತವೆ, ಕಸದ ಡಬ್ಬಿ ಮುಚ್ಚಿಡಿ ಎಂಬುದನ್ನು ಜೋರಾಗಿ ಓದಿ ಹೇಳಿದರು. ಕರಡಿಗೆ ಅವರು ಹೆದರಿದಂತೆ ಕಾಣಲಿಲ್ಲ. ಇನ್ನೆರಡು ಸಾಲು ಕೆಳಗೆ ಹೋಗಿ ನಿಂತರು. ಸಂಜೆ ಐದರೊಳಗೆ ರಸ್ತೆಯ ಪಕ್ಕದ ಮನೆಯ ಬೆಲ್ ಒತ್ತಿ, ಯಜಮಾನಿಯಿಂದ ಕೀಲಿ ಪಡೆಯಬೇಕು ಎಂದಿತ್ತು.

ಕೌಸಲ್ಯಾ ಅವರ ಹೆಗಲ ಹಿಂದೆ ನಿಂತು ಓದಿದಳು. ಈಶ್ವರಪ್ಪನವರು ಆ ಸಾಲಿನ ಮೇಲಿಂದ ಕಣ್ಣು ತೆಗೆಯದೆ, ಮಾಮೂಲಿ ದನಿಯಲ್ಲೇ ಹೇಳಿದರು:

“ಬುಕಿಂಗ್ ನಿನ್ನ ಹೆಸರಲ್ಲಿದೆ. ಕೀ ನೀನೇ ಹೋಗಿ ತಗೊಂಡು ಬಂದ್ಬಿಡು. ನಾನು ಕಾರಲ್ಲಿ ಕೂತಿರ್ತೀನಿ.”

ಅವಳು ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತಳು. ಕೋಪವೆಲ್ಲ ಎಲ್ಲಿ ಹೋಗಿತ್ತೋ. ಅರವತ್ತರ ಹತ್ತಿರದ ಈ ಮನುಷ್ಯ, ಸಾವಿರಾರು ಜನರನ್ನು ನಿದ್ದೆ ಮಾಡಿಸಿ ಎಬ್ಬಿಸಿದವರು, ಒಂದು ಕಾಲಿಂಗ್ ಬೆಲ್ಲಿನ ಮುಂದೆ ಹೀಗೆ ಕೂತಿದ್ದರು. ಅವಳಿಗೆ ಅವರ ಮೇಲೆ ಮದುವೆಯಾದ ಹೊಸತರಲ್ಲೂ ಬಂದಿರದಷ್ಟು ಪ್ರೀತಿ ಬಂತು.

“ಇಲ್ಲ” ಎಂದಳು. “ಅವತ್ತು ನಾನು ಕಾರಲ್ಲಿ ಕೂತಿದ್ದೇ ತಪ್ಪಾಯ್ತು. ಇಬ್ಬರೂ ಇಳಿದು ಹೋಗೋಣ. ಬೆಲ್ ನೀವೇ ಒತ್ತಿ, ನಾನು ಪಕ್ಕದಲ್ಲಿ ನಿಂತಿರ್ತೀನಿ.”

“ತೆಗೀದಿದ್ರೆ?”

ಅವರು ತಮಾಷೆಗೆ ಕೇಳಿರಲಿಲ್ಲ. ಅವಳೂ ತಮಾಷೆ ಮಾಡಲಿಲ್ಲ.

“ತೆಗೀದಿದ್ರೆ ಇಬ್ಬರೂ ಒಟ್ಟಿಗೆ ನೋಡಿದ ಹಾಗಾಯ್ತು. ಆಮೇಲೆ ಕಾರಲ್ಲೇ ಮಲಗೋಣ. ಆದ್ರೆ ರೂಮು ವಾಸನೆ ಅಂತ ಮಾತ್ರ ನನಗೆ ಹೇಳ್ಬೇಡಿ.”

ಈಶ್ವರಪ್ಪನವರು ಕನ್ನಡಕ ತೆಗೆದರು. ಒರೆಸಿ ಹಾಕಿಕೊಂಡು, ಹಾಳೆಯಲ್ಲಿ ಅಕ್ಟೋಬರ್ ಹದಿಮೂರರ ಮುಂದೆ ‘ಸಂಜೆ ಐದರೊಳಗೆ ಬೆಲ್, ಇಬ್ಬರೂ’ ಎಂದು ಸೇರಿಸಿದರು.